ಡಿಸೆಂಬರ್‌ವರೆಗೂ ನಡೆಯುವ ಪಾಸ್‌ಪೋರ್ಟ್

ಹಲ್,
೧೪ ಜನವರಿ ೨೦೨೪

ಪ್ರಿಯ ಬೀಗಿತ್ತಿಯವರಿಗೆ,

ನೀವು ಕಳಿಸಿದ, ಹೆಸರಿನ ಮೊದಲ ಅಕ್ಷರದ ಆಕಾರದ ಚಾಕೊಲೇಟ್ ತಲುಪಿತು. ಗ್ಲೆನಿಸ್ ಎನ್ನುವುದಕ್ಕೆ 'ಜಿ' ಎಂದು ನೆನಪಿಟ್ಟಿದ್ದಕ್ಕೆ ಸಂತೋಷ. ದಾರಿಯಲ್ಲಿ ಮುರಿದು 'ಸಿ' ಆಗಿತ್ತು, ಆದರೂ ತಿಂದೆ.

ನಾವಿಬ್ಬರೂ ಫೋನಿನಲ್ಲಿ ಎರಡನೆಯ ನಿಮಿಷಕ್ಕೇ ಜಗಳಕ್ಕೆ ನಿಲ್ಲುತ್ತೇವೆ, ಆದ್ದರಿಂದ ಇನ್ನು ಮೇಲೆ ಕಾಗದ ಬರೆದುಕೊಳ್ಳಿ ಎಂದು ನನ್ನ ಮಗಳು ಕರ್ಸ್ಟಿ ಕ್ರಿಸ್‌ಮಸ್ ದಿನ ನಮಗೆ ವಿಧಿಸಿದ ಶಿಕ್ಷೆ ನನಗೆ ಒಪ್ಪಿಗೆ. ಕಾಗದದಲ್ಲಾದರೆ ನೀವು ನನ್ನ ಮಾತಿಗೆ ಅಡ್ಡ ಬರುವ ಹಾಗಿಲ್ಲ.

ಮೇ ತಿಂಗಳಲ್ಲಿ ನನ್ನ ಮಗಳಿಗೂ ನಿಮ್ಮ ಮಗ ಸಾಂಡರನಿಗೂ ಮಗುವಾಗುತ್ತದೆ. ನಿಮಗೆ ಅವರ ಮನೆ ಸೈಕಲ್ಲಿನಲ್ಲಿ ಮೂರು ತಿರುವು. ನನಗೆ ನಡುವೆ ಒಂದು ಸಮುದ್ರ. ಇದಕ್ಕೆ ಹೊಟ್ಟೆ ಉರಿಯುವುದಿಲ್ಲ ಎಂದರೆ ಸುಳ್ಳಾಗುತ್ತದೆ, ಈ ವಯಸ್ಸಿನಲ್ಲಿ ಸುಳ್ಳು ಯಾಕೆ? ಆದರೆ ಒಂದು ಸಮಾಧಾನವಿದೆ. ನನ್ನ ಪಾಸ್‌ಪೋರ್ಟ್ ಕೈಚೀಲದಲ್ಲಿದೆ, ಕೈಚೀಲ ಬಾಗಿಲ ಹಿಂದಿನ ಮೊಳೆಯಲ್ಲಿದೆ. ನೋವು ಶುರುವಾಯಿತೆಂದು ಫೋನ್ ಬಂದರೆ ಸಂಜೆಯ ಹಡಗು ಹತ್ತಿ ಬೆಳಿಗ್ಗೆ ನಿಮ್ಮೂರಿನಲ್ಲಿರುತ್ತೇನೆ. ಮಗುವನ್ನು ಮೊದಲು ಎತ್ತಿಕೊಳ್ಳುವವಳು ಹೆತ್ತವಳ ತಾಯಿ. ನಮ್ಮಲ್ಲಿ ಹಾಗೆ.

ನಿಮಗೆ ಪಾಸ್‌ಪೋರ್ಟೇ ಇಲ್ಲವೆಂದು ಸಾಂಡರ್ ಹೇಳಿದ. ಮದುವೆಗೆ ಬಂದಾಗ ಬರೀ ಗುರುತಿನ ಚೀಟಿ ತೋರಿಸಿ ಇಳಿದಿದ್ದಿರಿ. ನಮ್ಮವರು ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಆ ಚೀಟಿಗೆ ಇಲ್ಲಿ ಬೆಲೆಯಿಲ್ಲ. ಅಂದರೆ ನಾನು ನಿಮ್ಮಲ್ಲಿಗೆ ಬರಬಹುದು, ನೀವು ನಮ್ಮಲ್ಲಿಗೆ ಬರುವ ಹಾಗಿಲ್ಲ. ಸುಮ್ಮನೆ ನೆನಪಾಯಿತು, ಬರೆದೆ.

ಇಂತಿ,
ಗ್ಲೆನಿಸ್ ಹಾರ್ಕರ್


ರಾಟರ್‌ಡ್ಯಾಮ್,
೪ ಫೆಬ್ರವರಿ

ಪ್ರಿಯ ಗ್ಲೆನಿಸ್,

ನಿಮ್ಮ ಕಾಗದ ಬಂತು. ನಾನು ಉದ್ದವಾಗಿ ಬರೆಯುವವಳಲ್ಲ.

ನನಗೆ ಪಾಸ್‌ಪೋರ್ಟ್ ಇಲ್ಲದಿರುವುದು ನಿಜ. ಯಾಕೆ ಬೇಕು? ಮಗು ಹುಟ್ಟುವುದು ಇಲ್ಲಿ. ನಾನೂ ಇರುವುದು ಇಲ್ಲಿ.

ಮೊನ್ನೆ ಕರ್ಸ್ಟಿಯ ಜೊತೆ ಸ್ಕ್ಯಾನಿಂಗಿಗೆ ಹೋಗಿದ್ದೆ. ಸಾಂಡರನಿಗೆ ಕೆಲಸವಿತ್ತು. ತೆರೆಯ ಮೇಲೆ ಮಗು ಬೆರಳು ಚೀಪುತ್ತಿತ್ತು. ಮೂಗು ನಮ್ಮ ಕಡೆಯದು. ಸಾಂಡರ್ ಮಲಗಿದ್ದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಬಣ್ಣ ಬಳಿದಿದ್ದೇನೆ.

ಮನೆಯಲ್ಲೇ ಹೆರಿಗೆ ಎಂದು ತೀರ್ಮಾನವಾಗಿದೆ. ಸೂಲಗಿತ್ತಿ ಬರುತ್ತಾಳೆ. ನಮ್ಮಲ್ಲಿ ಇದು ಸಾಮಾನ್ಯ, ಗಾಬರಿಯಾಗಬೇಡಿ. ನಾನು ಪಕ್ಕದಲ್ಲಿರುತ್ತೇನೆ.

ಟೀನೆಕೆ


ಹಲ್,
೧೮ ಫೆಬ್ರವರಿ

ಪ್ರಿಯ ಟೀನೆಕೆಯವರಿಗೆ,

ನಿಮ್ಮ ಕಾಗದ ಓದಿ ಚಹಾ ಆರಿಹೋಗುವವರೆಗೆ ಕೂತಿದ್ದೆ. 'ಮೂಗು ನಮ್ಮ ಕಡೆಯದು' ಎಂದು ಬರೆಯಲು ನಿಮಗೆ ಸಂಕೋಚವಾಗಲಿಲ್ಲವೇ? ಆ ಸ್ಕ್ಯಾನಿಂಗ್ ಚಿತ್ರವನ್ನು ಕರ್ಸ್ಟಿ ನನಗೂ ಕಳಿಸಿದ್ದಾಳೆ. ಅದರಲ್ಲಿ ಮೂಗು ಯಾವುದು ಮೊಣಕಾಲು ಯಾವುದು ಎಂದು ದೇವರಿಗೇ ಗೊತ್ತು.

ನನಗೆ ಉರಿದದ್ದು ಮೂಗಿಗಲ್ಲ. ಅವಳು ನಿಮ್ಮನ್ನು ಕರೆದುಕೊಂಡು ಹೋದಳಲ್ಲ, ಅದಕ್ಕೆ. ಚಿಕ್ಕವಳಿದ್ದಾಗ ದಂತವೈದ್ಯರ ಬಳಿಗೂ ನನ್ನ ಕೋಟಿನ ತೋಳು ಹಿಡಿಯದೆ ಹೋದವಳಲ್ಲ. ಫೋನ್ ಮಾಡಿ ಕೇಳಿದೆ. "ಅಮ್ಮಾ, ಅವ್ರು ಹತ್ರ ಇದಾರೆ, ಅದಕ್ಕೆ ಬಂದ್ರು, ಅಷ್ಟೇ. ಅದ್ರಲ್ಲೇನಿದೆ?" ಅಂದಳು. ಅದರಲ್ಲೇ ಎಲ್ಲ ಇದೆ. ಹತ್ತಿರ ಇರುವುದು ನಿಮ್ಮ ಜಾಣತನವೇನಲ್ಲ, ಅದೃಷ್ಟ.

ನಾನು ಕೆಲಸವಿಲ್ಲದೆ ಕೂತಿಲ್ಲ. ಹಳದಿ ಉಣ್ಣೆಯ ಎರಡು ಅಂಗಿ ಹೆಣೆದಾಯಿತು. ಶಾಲೆಯ ಅಡುಗೆಮನೆಯಲ್ಲಿ ಇಷ್ಟು ವರ್ಷ ನೂರಾರು ಮಕ್ಕಳಿಗೆ ಬಡಿಸಿದವಳು ನಾನು, ಒಂದು ಮಗುವಿಗೆ ಏನು ಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ಪಾಸ್‌ಪೋರ್ಟಿನ ಬಗ್ಗೆ ಇನ್ನೊಂದು ಮಾತು. ಕಳೆದ ಸಲ ಅದರ ಅವಧಿ ಮುಗಿಯಲು ಒಂಬತ್ತು ತಿಂಗಳು ಇರುವಾಗಲೇ ಹೊಸದು ಮಾಡಿಸಿದ್ದೆ. ನಮ್ಮ ಬೀದಿಯವರು ಪ್ರವಾಸದ ಹಿಂದಿನ ವಾರ ತಲೆ ಮೇಲೆ ಕೈ ಹೊತ್ತುಕೊಂಡು ಓಡುತ್ತಾರೆ, ನಾನು ಹಾಗಲ್ಲ. ನನ್ನ ಜಾಗ್ರತೆ ನೋಡಿ ಸರ್ಕಾರದವರು ಉಳಿದ ಒಂಬತ್ತು ತಿಂಗಳನ್ನು ಹೊಸದಕ್ಕೆ ಸೇರಿಸಿಕೊಟ್ಟರು. ಆದ್ದರಿಂದ ಎಲ್ಲರದು ಹತ್ತು ವರ್ಷವಾದರೆ ನನ್ನದು ಹತ್ತಕ್ಕಿಂತ ಹೆಚ್ಚು. ಡಿಸೆಂಬರ್‌ವರೆಗೂ ನಡೆಯುತ್ತದೆ.

ಗ್ಲೆನಿಸ್


ರಾಟರ್‌ಡ್ಯಾಮ್,
೧೭ ಮಾರ್ಚ್

ಪ್ರಿಯ ಗ್ಲೆನಿಸ್,

ಹಳದಿ ಅಂಗಿಗಳು ತಲುಪಿದವು. ಚೆನ್ನಾಗಿವೆ. ಸ್ವಲ್ಪ ದಪ್ಪ, ಮೇ ತಿಂಗಳಿಗೆ ಸೆಕೆಯಾದೀತು. ಚಳಿಗಾಲಕ್ಕೆ ಎತ್ತಿಟ್ಟಿದ್ದೇನೆ.

ಒಂದು ಮುಖ್ಯವಾದ ವಿಷಯ. ನಿಮ್ಮ ಪಾಸ್‌ಪೋರ್ಟ್ ಮುಗಿಯುವ ತಾರೀಖು ಮಾತ್ರ ನೋಡಬಾರದಂತೆ, ಮಾಡಿಸಿದ ತಾರೀಖನ್ನೂ ನೋಡಬೇಕಂತೆ. ಮಾಡಿಸಿ ಹತ್ತು ವರ್ಷ ಆಗಿದ್ದರೆ ನಮ್ಮ ಕಡೆ ಒಳಗೆ ಬಿಡುವುದಿಲ್ಲ ಎಂದು ಸಾಂಡರ್ ಹೇಳುತ್ತಾನೆ. ನೀವು ಒಕ್ಕೂಟದೊಳಗೆ ಇದ್ದಾಗ ಈ ನಿಯಮ ನಿಮಗೆ ತಗಲುತ್ತಿರಲಿಲ್ಲ, ಈಗ ತಗಲುತ್ತದೆ. ನಿಮಗೆ ಸೇರಿಸಿಕೊಟ್ಟ ಒಂಬತ್ತು ತಿಂಗಳು ಇಲ್ಲಿ ಲೆಕ್ಕಕ್ಕಿಲ್ಲ. ಹೊಸದು ಮಾಡಿಸಿ. ಸಮಯವಿದೆ.

ಇನ್ನೊಂದು. ಹಡಗಿನಲ್ಲಿ ನಿಮಗೆ ವಾಕರಿಕೆ ಬರುತ್ತದೆ, ಶುಂಠಿ ತನ್ನಿ. ಬರುವಾಗ ಕರ್ಸ್ಟಿಗೆ ನಿಮ್ಮೂರಿನ ಆ ಕೆಂಪು ಉಪ್ಪಿನ ಪುಡಿ ತರಬೇಡಿ, ಆಲೂಗಡ್ಡೆಯ ಮೇಲೆ ಅದನ್ನೇ ಸುರಿದುಕೊಳ್ಳುತ್ತಾಳೆ. ಉಪ್ಪು ಒಳ್ಳೆಯದಲ್ಲ.

ಟೀನೆಕೆ


ಹಲ್,
೨ ಏಪ್ರಿಲ್

ಟೀನೆಕೆಯವರಿಗೆ,

ಅಂಗಿ ದಪ್ಪವಾಯಿತು, ಉಪ್ಪು ಹೆಚ್ಚಾಯಿತು, ಈಗ ನನ್ನ ಪಾಸ್‌ಪೋರ್ಟೂ ಹಳೆಯದಾಯಿತು. ನನ್ನ ಕಡೆಯಿಂದ ಬರುವ ಯಾವುದು ನಿಮಗೆ ಸರಿಬಂದೀತು, ಅದನ್ನಾದರೂ ತಿಳಿಸಿ.

ಕೊನೆಯ ತಾರೀಖು ಡಿಸೆಂಬರ್ ಎಂದು ಅಚ್ಚಾಗಿದೆ. ಇಂಗ್ಲಿಷಿನಲ್ಲೇ ಇದೆ, ನನಗೆ ಓದಲು ಬರುತ್ತದೆ. ಹೋದ ಆಗಸ್ಟ್‌ನಲ್ಲಿ ಇದೇ ಪಾಸ್‌ಪೋರ್ಟ್ ಹಿಡಿದು ನಿಮ್ಮ ಬಂದರಿನಲ್ಲಿ ಇಳಿದೆ, ಅಲ್ಲಿದ್ದ ಹುಡುಗ ನಕ್ಕು ಮುದ್ರೆ ಒತ್ತಿದ. ಈಗ ಅದು ನಡೆಯುವುದಿಲ್ಲವೆಂದರೆ ನಾನು ನಂಬಬೇಕೇ? ಇದನ್ನು ಹೊಸದಕ್ಕೆಂದು ಕಳಿಸಿಬಿಟ್ಟರೆ ಅದು ಬರುವವರೆಗೆ ನಾನು ಇಲ್ಲೇ ಕೈಕಟ್ಟಿ ಕೂರಬೇಕು. ಅಷ್ಟರಲ್ಲಿ ಮಗು ಮುಂಚೆಯೇ ಹುಟ್ಟಿದರೆ ಯಾರಿಗೆ ಅನುಕೂಲ ಎಂದು ನಾನು ಬಿಡಿಸಿ ಬರೆಯಬೇಕಾಗಿಲ್ಲ.

ಪಕ್ಕದ ಮನೆಯ ಮಾವಿಸ್‌ಳಿಗೆ ನಿಮ್ಮ ಕಾಗದ ಓದಿ ಹೇಳಿದೆ. "ಅಯ್ಯೋ ಗ್ಲೆನ್, ಅವ್ಳು ನೀನು ಬರ್ದೇ ಇರ್ಲಿ ಅಂತ ಹೂಡಿದ್ದು ಇದು, ಗೊತ್ತಾಗಲ್ವಾ?" ಅಂದಳು. ನಾನು ಹಾಗೆ ಅನ್ನುವುದಿಲ್ಲ. ಮಾವಿಸ್ ಅಂದದ್ದನ್ನು ಬರೆದೆ ಅಷ್ಟೆ.

ಉಪ್ಪಿನ ಪುಡಿ ಎರಡು ಡಬ್ಬ ತರುತ್ತೇನೆ.

ಗ್ಲೆನಿಸ್


ಹಲ್,
೧೨ ಮೇ

ಟೀನೆಕೆಯವರಿಗೆ,

ನಿಮಗೆ ಎಲ್ಲವೂ ತಿಳಿದಿದೆ. ಆದರೂ ನನ್ನ ಬಾಯಿಂದ ಕೇಳಿ.

ಶುಕ್ರವಾರ ಮಧ್ಯಾಹ್ನ ಸಾಂಡರ್ ಫೋನ್ ಮಾಡಿದ. ಬಾಗಿಲ ಹಿಂದಿನ ಕೈಚೀಲ, ಕಟ್ಟಿಟ್ಟಿದ್ದ ಪೆಟ್ಟಿಗೆ ತೆಗೆದುಕೊಂಡೆ, ಒಲೆ ಆರಿಸಿದೆ, ಮಾವಿಸ್‌ಳಿಗೆ ಬೆಕ್ಕನ್ನು ಒಪ್ಪಿಸಿದೆ, ಬಂದರಿಗೆ ಎಲ್ಲರಿಗಿಂತ ಮೊದಲೇ ಮುಟ್ಟಿದೆ. ಕೌಂಟರಿನ ಹುಡುಗಿ ನಮ್ಮ ಶಾಲೆಯಲ್ಲೇ ಉಂಡು ಬೆಳೆದವಳು. "ಅಯ್ಯೋ ಮಿಸೆಸ್ ಹಾರ್ಕರ್, ಮೊಮ್ಮಗು ನೋಡೋಕೆ ಹೊರಟ್ರಾ?" ಎಂದು ನಗುತ್ತಾ ಪಾಸ್‌ಪೋರ್ಟ್ ಬಿಡಿಸಿದಳು. ಆಮೇಲೆ ನಗು ನಿಂತಿತು.

"ಇದು ಮಾಡಿಸಿದ್ದು ಎರಡು ಸಾವಿರದ ಹದಿನಾಲ್ಕು ಮಾರ್ಚ್ ಅಲ್ವಾ?"

"ಹೌದಮ್ಮ. ಆದ್ರೆ ಮುಗಿಯೋದು ಡಿಸೆಂಬರ್‌ಗೆ. ಅಲ್ಲೇ ಇದೆ ನೋಡು."

"ನಮ್ಮ ಲೆಕ್ಕಕ್ಕೆ ಡಿಸೆಂಬರ್. ಅವರ ಲೆಕ್ಕಕ್ಕೆ ಹತ್ತು ವರ್ಷ ತುಂಬಿದ ದಿನಾನೇ ಮುಗೀತು. ಮಾರ್ಚಲ್ಲೇ. ನಾನು ಹತ್ತಿಸಿದ್ರೂ ಆಚೆ ಇಳಿಸಲ್ಲ, ವಾಪಸ್ ಕಳಿಸ್ತಾರೆ."

"ನಾನು ಬೇಗ ಮಾಡಿಸಿದ್ದೆ ಕಣೇ, ಅದಕ್ಕೆ ಜಾಸ್ತಿ ತಿಂಗಳು ಕೊಟ್ಟಿದಾರೆ."

"ಬೇಗ ಮಾಡಿಸಿದವರೇ ಸಿಕ್ಕಿಹಾಕ್ಕೊಳ್ತಿರೋದು, ಮಿಸೆಸ್ ಹಾರ್ಕರ್. ಕೊನೇ ಗಳಿಗೇಲಿ ಮಾಡಿಸಿದವರಿಗೆ ಏನೂ ತೊಂದ್ರೆ ಇಲ್ಲ."

ಅತ್ತುಕೊಂಡು ಬೇಡಿದೆ, ನಾಚಿಕೆ ಬಿಟ್ಟು ಗದರಿದೆ. ಅವಳ ಕಣ್ಣಲ್ಲೂ ನೀರು ಬಂತು, ಪಾಸ್‌ಪೋರ್ಟ್ ಮಾತ್ರ ಹಾಗೆಯೇ ಹಿಂದಕ್ಕೆ ಕೊಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಲಿಯ ಹೊರಗೆ ಪೆಟ್ಟಿಗೆಯ ಮೇಲೆ ಕೂತು ಹಡಗು ಹೊರಡುವುದನ್ನು ನೋಡಿದೆ. ಅದರಲ್ಲಿ ನಾನು ಕಾದಿರಿಸಿದ ಕೋಣೆ ಖಾಲಿಯಾಗಿ ಹೋಯಿತು.

ಬೆಳಿಗ್ಗೆ ಕರ್ಸ್ಟಿ ಫೋನಿನಲ್ಲಿ, "ಅಮ್ಮಾ, ಹೆಣ್ಣು. ಫೆನ್ನಾ ಅಂತ ಹೆಸರು," ಅಂದಳು. ಹಿಂದಿನಿಂದ ನಿಮ್ಮ ದನಿ ಕೇಳಿಸಿತು, ಮಗುವಿಗೆ ಏನೋ ಹಾಡುತ್ತಿದ್ದಿರಿ. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಅದರ ಬೆನ್ನಿಗೇ ನಿಮ್ಮ ದನಿ ಕೇಳಿ ಎದೆಯಲ್ಲಿ ಕೊಳ್ಳಿ ಇಟ್ಟ ಹಾಗಾಯಿತು.

ನೀವು ಎಚ್ಚರಿಸಿದ್ದಿರಿ, ನಿಜ. ಆದರೆ ಶುಂಠಿ, ಉಪ್ಪು, ಉಣ್ಣೆಯ ನಡುವೆ ಸೇರಿಸಿ ಹೇಳಿದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಬೇರೆ ಕಾಗದದಲ್ಲಿ ಅದೊಂದನ್ನೇ ಬರೆಯಬಹುದಿತ್ತು. ನೀವು ಗೆದ್ದಿರಿ. ನನ್ನ ಮಗಳ ಮಗುವನ್ನು ಮೊದಲು ಎತ್ತಿಕೊಂಡವರು ನೀವು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಗ್ಲೆನಿಸ್ ಹಾರ್ಕರ್


ಹಲ್,
೩ ಜೂನ್

ಟೀನೆಕೆಯವರಿಗೆ,

ಮೂರು ವಾರವಾಯಿತು, ನಿಮ್ಮಿಂದ ಉತ್ತರವಿಲ್ಲ. ಗೆದ್ದವರು ಒಂದೆರಡು ಸಾಲು ಬರೆದರೆ ಕೈ ಸವೆಯುವುದಿಲ್ಲ.

ಹೊಸ ಪಾಸ್‌ಪೋರ್ಟ್ ಬಂದಿದೆ. ಹಳೆಯದು ಮರೂನ್, ಇದು ನೀಲಿ. ಚಿತ್ರದಲ್ಲಿ ಅಳುಮೋರೆ ಹಾಕಿಕೊಂಡಿದ್ದೇನೆ, ನಗಬಾರದೆಂದು ಅವರು ಹೇಳಬೇಕಾಗಿಯೇ ಬರಲಿಲ್ಲ. ಈ ತಿಂಗಳ ಇಪ್ಪತ್ತೆರಡಕ್ಕೆ ಬರುತ್ತೇನೆ. ನಿಮಗೆ ತೊಂದರೆಯಾದರೆ ನಾನಿರುವ ಒಂದು ವಾರ ನೀವು ಆ ಕಡೆ ತಲೆ ಹಾಕದಿದ್ದರೂ ಆದೀತು.

ಗ್ಲೆನಿಸ್


ರಾಟರ್‌ಡ್ಯಾಮ್,
೯ ಜೂನ್

ಪ್ರಿಯ ಗ್ಲೆನಿಸ್,

ಉತ್ತರ ಬರೆಯಲು ಹಲವು ಸಲ ಕೂತೆ. ಬರೆದು ಹರಿದೆ.

ಆ ದಿನದ್ದು ಹೇಳುತ್ತೇನೆ. ನೀವು ಬರುವುದಿಲ್ಲವೆಂದು ಸಾಂಡರ್ ಹೇಳಿದಾಗ ನಾನು ಹಾಸಿಗೆಯ ಪಕ್ಕದಲ್ಲಿದ್ದೆ, ಕರ್ಸ್ಟಿಯ ಹಣೆ ಒರೆಸುತ್ತಿದ್ದೆ. ಅವಳು ನನ್ನ ಕೈ ತಳ್ಳಿದಳು. "ನಮ್ಮಮ್ಮನೇ ಬರೋದಿಲ್ಲ ಅಂದ್ಮೇಲೆ ಇಲ್ಲಿ ಯಾವ ಅಮ್ಮನೂ ಬೇಡ. ದಯವಿಟ್ಟು ಹೊರಗೆ ಹೋಗಿ," ಅಂದಳು. ನಾನು ಹೋದೆ. ಸೂಲಗಿತ್ತಿ ಬಾಗಿಲು ಹಾಕಿದಳು.

ನಮ್ಮ ಮನೆಗಳ ಮೆಟ್ಟಿಲು ಎಷ್ಟು ಕಡಿದಾದವು ಎಂದು ನಿಮಗೆ ಗೊತ್ತು, ಹೋದ ಸಲ ಬೈದುಕೊಂಡೇ ಹತ್ತಿದಿರಿ. ಮಗು ಹುಟ್ಟುವವರೆಗೆ ನಾನು ಆ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿನಿಂದ ಅವಳು ಕೂಗುವುದು ಕೇಳಿಸುತ್ತಿತ್ತು. ನನ್ನ ಹೆಸರನ್ನಲ್ಲ, ಸಾಂಡರನ ಹೆಸರನ್ನೂ ಅಲ್ಲ. ಅಮ್ಮಾ ಎಂದು, ನಿಮ್ಮ ಭಾಷೆಯಲ್ಲಿ. ಸಮುದ್ರದ ಆಚೆ ಇದ್ದ ನೀವು ಆ ಕೋಣೆಯಲ್ಲಿ ಇದ್ದಿರಿ. ಬಾಗಿಲ ಹೊರಗೇ ಇದ್ದ ನಾನು ಇರಲಿಲ್ಲ.

ಮೊದಲು ಎತ್ತಿಕೊಂಡವಳು ನಾನಲ್ಲ. ಸೂಲಗಿತ್ತಿ, ಆಮೇಲೆ ಕರ್ಸ್ಟಿ, ಆಮೇಲೆ ಸಾಂಡರ್. ಬೆಳಕು ಹರಿದ ಮೇಲೆ ನನ್ನನ್ನು ಕರೆದರು. ಬಂದವರಿಗೆ ಕೊಡಲೆಂದು ರಸ್ಕಿಗೆ ಬೆಣ್ಣೆ ಸವರಿ, ಮೇಲೆ ಗುಲಾಬಿ ಬಣ್ಣದ ಸೋಂಪು ಮಿಠಾಯಿ ಉದುರಿಸಿ ತಟ್ಟೆ ಜೋಡಿಸಿದೆ. ಮಗು ಹುಟ್ಟಿದಾಗ ನಮ್ಮಲ್ಲಿ ಮಾಡುವುದು ಅದು. ನೀವು ಫೋನಿನಲ್ಲಿ ಕೇಳಿದ ಹಾಡು ಆಗಿನದು. ನನಗೆ ಸಿಕ್ಕಿದ್ದು ಅಷ್ಟೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಾರ್ಚ್ ಮೊದಲ ವಾರ ಕರ್ಸ್ಟಿ, ಹೆರಿಗೆಗೆ ತವರಿಗೇ ಹೋಗಿಬಿಡಲೇ ಎಂದು ಸಾಂಡರನನ್ನು ಕೇಳುತ್ತಿದ್ದಳು. ಅಡುಗೆಮನೆಯಿಂದ ಕೇಳಿಸಿಕೊಂಡೆ. ಮರುದಿನವೇ ನಗರಸಭೆಗೆ ಹೋಗಿ ಪಾಸ್‌ಪೋರ್ಟ್‌ಗೆ ಅರ್ಜಿ ಕೊಟ್ಟು ಬಂದೆ, ಯಾರಿಗೂ ಹೇಳಲಿಲ್ಲ. ಅವಳು ಹೊರಟರೆ ಹಿಂದೆಯೇ ಹೊರಡಬೇಕೆಂದು. ನಿಮ್ಮನ್ನು ಎಚ್ಚರಿಸಿದ್ದೂ ನಿಮ್ಮ ಮೇಲಿನ ಪ್ರೀತಿಯಿಂದಲ್ಲ. ನೀವು ಇಲ್ಲಿಗೆ ಬರಲಾಗದಿದ್ದರೆ ಅವಳೇ ಅಲ್ಲಿಗೆ ಹೋದಾಳು ಎಂಬ ಭಯದಿಂದ. ನಿಮಗೆ ಮಾತ್ರ ಹೊಟ್ಟೆಕಿಚ್ಚು ಎಂದುಕೊಂಡಿದ್ದಿರಾ?

ಇಪ್ಪತ್ತೆರಡಕ್ಕೆ ಬನ್ನಿ. ಬಂದರಿಗೆ ನಾನೇ ಬರುತ್ತೇನೆ. ಶುಂಠಿ ತನ್ನಿ.

ಟೀನೆಕೆ


ಹಲ್,
೫ ಜುಲೈ

ಪ್ರಿಯ ಟೀನೆಕೆ,

ಸುಖವಾಗಿ ಬಂದು ತಲುಪಿದೆ. ಶುಂಠಿ ಕೆಲಸ ಮಾಡಿತು, ಇದನ್ನು ಯಾರಿಗೂ ಹೇಳಬೇಡಿ.

ಮೊದಲು ದೂರುಗಳು. ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಹಾಕಿಬಿಡುವ ನಿಮ್ಮ ಪದ್ಧತಿಗೆ ನಾನು ಎಂದಿಗೂ ಒಗ್ಗುವುದಿಲ್ಲ. ನನ್ನ ಹುಟ್ಟುಹಬ್ಬವನ್ನು ಪಾಯಖಾನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೀರಿ. ಎಲ್ಲರದೂ ಅಲ್ಲೇ ಇರುತ್ತದೆ ಎಂದಿರಿ. ಇರಲಿ, ಫೆನ್ನಾಳದೂ ಅಲ್ಲೇ ಇದೆಯಲ್ಲ.

ಮಗು ನನ್ನ ಕೈಗೆ ಬಂದ ಕೂಡಲೇ ಕಿರುಚಿದ್ದು, ನಿಮ್ಮ ಕೈಗೆ ಹೋದ ಕೂಡಲೇ ಬಾಯಿ ಮುಚ್ಚಿದ್ದು, ಎರಡನ್ನೂ ಸಹಿಸಿದೆ. ಹೇಗೆ ಸಹಿಸಿದೆನೋ ನನಗೇ ತಿಳಿಯದು. ಅಡುಗೆಮನೆಗೆ ಹೋಗಿ ಸುಮ್ಮನೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಹಿಂದೆಯೇ ನೀವು ಬಂದು, "ಎರಡು ದಿನ ತಡೀರಿ, ನಿಮ್ಮ ವಾಸನೆ ಅದಕ್ಕೆ ಗೊತ್ತಾಗ್ಲಿ," ಅಂದು ಸೈಕಲ್ ಹತ್ತಿ ಹೊರಟುಹೋದಿರಿ. ಎರಡು ದಿನ ಆ ಕಡೆ ಬರಲೇ ಇಲ್ಲ. ನೀವು ಸುಮ್ಮನೆ ಬರಲಿಲ್ಲ ಎಂದುಕೊಳ್ಳುವಷ್ಟು ದಡ್ಡಿಯಲ್ಲ ನಾನು. ಮೂರನೆಯ ದಿನ ಅವಳು ನನ್ನ ಹೆಗಲ ಮೇಲೆ ನಿದ್ದೆಹೋದಳು. ಆಗ ನಿಮಗೆ ಫೋನ್ ಮಾಡಿಸಿದ್ದು ಕರ್ಸ್ಟಿಯಲ್ಲ, ನಾನು.

ಈಗ ವಿಷಯಕ್ಕೆ ಬರುತ್ತೇನೆ. ಅವಳಿಗೆ ಮೊದಲು ನಮ್ಮ ನೀಲಿ ಪಾಸ್‌ಪೋರ್ಟೋ ನಿಮ್ಮ ಕೆಂಪು ಪಾಸ್‌ಪೋರ್ಟೋ ಎಂದು ನಾವು ಊಟದ ಮೇಜಿನಲ್ಲಿ ಕಾದಾಡಿದಾಗ, "ಇಬ್ರೂ ಬಾಯ್ ಮುಚ್ಕೊಂಡ್ರೆ ಎರಡೂ ಮಾಡಿಸ್ತೀನಿ," ಎಂದು ಕರ್ಸ್ಟಿ ಗದರಿದಳಲ್ಲ. ಮರುದಿನ ಕೆಂಪಿಗೆ ಚಿತ್ರ ತೆಗೆಸಲು ಹೋದೆವು. ಮಗುವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಬಟ್ಟೆಯ ಕೆಳಗಿನಿಂದ ಯಾರಾದರೂ ಹಿಡಿದುಕೊಳ್ಳಬೇಕು, ಕೈ ಮಾತ್ರ ಕಾಣಬಾರದು ಎಂದ ಆ ಫೋಟೋದವನು. ನಾನು ಹಿಡಿಯುತ್ತೇನೆ ಎಂದೆ, ನೀವೂ ಅದನ್ನೇ ಎಂದಿರಿ. ಅವನು ನಮ್ಮಿಬ್ಬರ ಮುಖ ನೋಡಿ, "ಒಬ್ರು ತಲೆ, ಒಬ್ರು ಬೆನ್ನು. ಮುಗೀತು," ಎಂದ. ಒಂದೇ ಬಟ್ಟೆಯ ಕೆಳಗೆ ನಿಮ್ಮ ಕೈಯೂ ನನ್ನ ಕೈಯೂ ತಾಗಿಕೊಂಡಿದ್ದವು. ನಿಮ್ಮ ಕೈ ತಣ್ಣಗಿತ್ತು.

ಮೊದಲನೆಯ ಚಿತ್ರ ಕೆಟ್ಟಿತು. ಕಿವಿಯ ಪಕ್ಕ ಒಂದು ಬೆರಳು ಹೊರಗೆ ಬಂದಿತ್ತು, ಇದು ನಡೆಯುವುದಿಲ್ಲ ಎಂದ. ಎರಡನೆಯದರಲ್ಲಿ ನಾವ್ಯಾರೂ ಕಾಣುವುದಿಲ್ಲ, ಅದು ನಡೆಯಿತು. ನಡೆಯದ ಚಿತ್ರವನ್ನು ನೀವು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಆ ಬೆರಳು ನನ್ನದು. ತಲೆ ಹಿಡಿದಿದ್ದವಳು ನಾನು. ಶಾಲೆಯ ಒಲೆಯಲ್ಲಿ ಸುಟ್ಟ ಗುರುತೂ ಅದರ ಮೇಲಿದೆ. ದಯವಿಟ್ಟು ಚಿತ್ರ ಕಳಿಸಿ. ಅವಳ ಜೊತೆ ನಾನಿರುವ ಮೊದಲ ಚಿತ್ರ ಅದು.

ನಿಮ್ಮ,
ಗ್ಲೆನಿಸ್


ರಾಟರ್‌ಡ್ಯಾಮ್,
೧೪ ಜುಲೈ

ಪ್ರಿಯ ಗ್ಲೆನಿಸ್,

ಫೆನ್ನಾಳ ಕೆಂಪು ಪಾಸ್‌ಪೋರ್ಟ್ ಬಂತು. ನೀಲಿಗೆ ಅರ್ಜಿ ಹೋಗಿದೆ. ಕ್ರಿಸ್‌ಮಸ್‌ಗೆ ನಾಲ್ವರೂ ಬರುತ್ತೇವೆ, ನನ್ನನ್ನೂ ಸೇರಿಸಿ. ನನ್ನ ಪಾಸ್‌ಪೋರ್ಟ್ ಬಾಗಿಲ ಹಿಂದಿನ ಮೊಳೆಯಲ್ಲಿ, ಕೈಚೀಲದೊಳಗಿದೆ. ಎಲ್ಲಿ ಕಲಿತೆ ಎಂದು ಕೇಳಬೇಡಿ.

ಚಿತ್ರ ನನ್ನ ಬಳಿ ಇದೆ. ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಭೂತಗನ್ನಡಿಯಲ್ಲಿ ನೋಡಿದೆ. ಬೆರಳು ನಿಮ್ಮದೇ, ಸುಟ್ಟ ಗುರುತು ಇದೆ. ನನ್ನದಾಗಿರಬಹುದೆಂದು ಬಹಳ ಹೊತ್ತು ನೋಡಿದೆ. ಅಲ್ಲ. ನಾನು ಬಟ್ಟೆಯ ಕೆಳಗೇ ಇದ್ದೇನೆ.

ಆದರೆ ಅವಳು ಆ ಚಿತ್ರದಲ್ಲಿ ನಗುತ್ತಿದ್ದಾಳೆ. ಬೆನ್ನಿಗೆ ಕಚಗುಳಿ ಇಟ್ಟವಳು ನಾನು.

ಕಳಿಸುವುದಿಲ್ಲ. ಬಂದು ನೋಡಿ.

ಟೀನೆಕೆ